ಸ್ಮಾರ್ಟ್ ಬಲ್ಬ್ ವೈಫೈಗೆ ಸೇರುತ್ತಿಲ್ಲವೇ? ವಾಪಸ್ ಕಳುಹಿಸುವ ಮೊದಲು

ಹೊಸ ದೇಶಕ್ಕೆ ಬಂದು ಮನೆ ಹೂಡಿದವರು ಬಾಡಿಗೆ ಕರಾರು, ಬ್ಯಾಂಕ್ ಖಾತೆಗಳ ಗಡಿಬಿಡಿ ಮುಗಿದ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೊಬೈಲ್, ಲ್ಯಾಪ್‌ಟಾಪ್ ಎಲ್ಲದಕ್ಕೂ ವೈಫೈ ಸಿಗುತ್ತಿದೆ, ಈ ಸ್ಮಾರ್ಟ್ ಪ್ಲಗ್‌ಗೆ ಮಾತ್ರ ಏನು ರೋಗ?” ಬಹುಪಾಲು ಸಲ ಪ್ಲಗ್‌ಗೆ ಯಾವ ರೋಗವೂ ಇರುವುದಿಲ್ಲ.

ನಿಮ್ಮ ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಅಲೆಗಳ ಬ್ಯಾಂಡ್‌ಗಳಲ್ಲಿ ಮಾತನಾಡುತ್ತದೆ. ಐದರದ್ದು ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಬಲ್ಬ್, ಪ್ಲಗ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಬಲ್ಲವು. ಹೊತ್ತಿಕೋ, ಆರು ಎಂಬೆರಡು ಮಾತಿಗೆ ಹೆದ್ದಾರಿ ಬೇಕಿಲ್ಲವಲ್ಲ. ಈಗಿನ ಬಹಳಷ್ಟು ರೂಟರ್‌ಗಳು ಎರಡಕ್ಕೂ ಒಂದೇ ಹೆಸರಿಟ್ಟು ಬರುತ್ತವೆ. ಜೋಡಿಸುವಾಗ ಹಲವು ಬಲ್ಬುಗಳು ಮೊಬೈಲ್ ಗಾಳಿಯಲ್ಲಿ ಹರಿಬಿಡುವ ಸಂಕೇತಕ್ಕೆ ಕಿವಿಗೊಟ್ಟೇ ಪಾಸ್‌ವರ್ಡ್ ತಿಳಿಯುತ್ತವೆ. ಮೊಬೈಲ್ 5ರಲ್ಲಿ ನಿಂತು ಕೂಗಿದರೆ ಬಲ್ಬಿಗೆ ಕೇಳಿಸುವುದೇ ಇಲ್ಲ. ಮಿಣಮಿಣ ಮಿನುಗಿ ಸುಮ್ಮನಾಗುತ್ತದೆ.

ಸೋಮಾರಿಗಳ ಉಪಾಯವೊಂದಿದೆ: ಬಲ್ಬನ್ನೂ ಮೊಬೈಲನ್ನೂ ರೂಟರ್‌ನಿಂದ ಅತಿ ದೂರದ ಕೋಣೆಗೆ ಒಯ್ದು ಜೋಡಿಸಿ ನೋಡಿ. ಅಲ್ಲಿ ಮೊಬೈಲ್ ತಾನಾಗಿಯೇ 2.4ಕ್ಕೆ ಇಳಿಯಬಹುದು.

ಅದು ಫಲಿಸದಿದ್ದರೆ ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೂಟರ್‌ನ ತಳದ ಚೀಟಿಯಲ್ಲಿ ಇರುತ್ತದೆ. ಅಲ್ಲಿ ಕೇಳುವುದು ವೈಫೈ ಪಾಸ್‌ವರ್ಡ್ ಅಲ್ಲ, ನಿರ್ವಾಹಕರ ಪಾಸ್‌ವರ್ಡ್. ಒಳಗೆ ‘ಬ್ಯಾಂಡ್ ಸ್ಟೀರಿಂಗ್’ ಅಥವಾ ‘ಸ್ಮಾರ್ಟ್ ಕನೆಕ್ಟ್’ ಎಂಬುದನ್ನು (ಎರಡನ್ನೂ ಒಂದೇ ಹೆಸರಿನಡಿ ನಡೆಸುವ ಸೌಲಭ್ಯ) ಆಫ್ ಮಾಡಿ, ಎರಡು ಬ್ಯಾಂಡ್‌ಗಳಿಗೂ ಬೇರೆ ಬೇರೆ ಹೆಸರು ಕೊಡಿ. ಮೊಬೈಲನ್ನು 2.4ರ ಹೆಸರಿಗೆ ಸೇರಿಸಿ ಬಲ್ಬ್ ಜೋಡಿಸಿ, ಆಮೇಲೆ 5ಕ್ಕೆ ಮರಳಿ. ಎರಡೂ ಒಂದೇ ಮನೆಯ ಜಾಲವಾದ್ದರಿಂದ ಬಲ್ಬ್ ನಿಮ್ಮ ಮಾತು ಕೇಳುತ್ತಲೇ ಇರುತ್ತದೆ. ಅತಿಥಿ ಜಾಲಕ್ಕೆ ಹಾಕಿದರೆ ಮಾತ್ರ ಮೊಬೈಲ್ ಮತ್ತು ಬಲ್ಬ್ ಪರಸ್ಪರ ಕಾಣದೆ ಹೋಗಬಹುದು. ಮೆಶ್ ರೂಟರ್ (ಮನೆಯ ಹಲವೆಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ಜಾಲವಾಗುವಂಥದ್ದು) ಆಗಿದ್ದರೆ, ಕೆಲವದರ ಆ್ಯಪ್‌ನಲ್ಲಿ 5ನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಸೌಲಭ್ಯವಿದೆ.

ಆದರೂ ಬಲ್ಬ್ ಹಟ ಹಿಡಿದರೆ ರೂಟರ್‌ನಲ್ಲಿ ವೈಫೈ ಭದ್ರತೆಯ ವಿಧಾನ ನೋಡಿ. ಡಬ್ಲ್ಯುಪಿಎ3 (WPA3) ಎಂಬ ಹೊಸ ವಿಧಾನ ಮಾತ್ರ ಇದ್ದರೆ ಹಳೆಯ ಉಪಕರಣಗಳು ಒಳಗೆ ಬರಲಾರವು. ಅದರ ಹಿಂದಿನ ಡಬ್ಲ್ಯುಪಿಎ2 ಅಥವಾ ಎರಡೂ ಬೆರೆತ ಆಯ್ಕೆ ಇರಲಿ. ದೇಶ ಬದಲಿಸಿದವರಿಗೆ ಇನ್ನೊಂದು ತೊಡಕು ಚಾನೆಲ್‌ನದು. ಬ್ಯಾಂಡ್ ಹೆದ್ದಾರಿಯಾದರೆ ಚಾನೆಲ್ ಅದರೊಳಗಿನ ಸಂಖ್ಯೆ ಇಟ್ಟ ಓಣಿ. 2.4ರಲ್ಲಿ ಬಹಳಷ್ಟು ದೇಶಗಳು 13ರವರೆಗೆ ಬಳಸುತ್ತವೆ, ಆದರೆ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಉಪಕರಣಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಅಂಥದ್ದನ್ನು ಬೇರೆ ದೇಶಕ್ಕೆ ಕೊಂಡೊಯ್ದಾಗ ರೂಟರ್ 13ರಲ್ಲಿದ್ದರೆ, ಪಕ್ಕದಲ್ಲೇ ಇಟ್ಟರೂ ಅವಕ್ಕೆ ಜಾಲ ಕಾಣುವುದಿಲ್ಲ. 1, 6, 11ರಲ್ಲಿ ಒಂದನ್ನು ಆರಿಸಿ. ಇವು ಒಂದರ ಮೇಲೊಂದು ಬೀಳುವುದೂ ಇಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಅಭಿಮಾನದಿಂದ ವೈಫೈಗೆ ‘ನಮ್ಮ ಮನೆ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೆ. ಮೊಬೈಲ್‌ಗಳು ಚೆನ್ನಾಗಿಯೇ ಓದಿದವು, ಪ್ಲಗ್ ಮಾತ್ರ ಎರಡು ಸಂಜೆ ಕಾಡಿತು. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಒತ್ತಕ್ಷರದೊಳಗೆ ಅಡಗಿರುವ ವಿರಾಮ ಚಿಹ್ನೆಯೂ ತಲಾ 3 ಬೈಟ್ ನುಂಗುತ್ತದೆ. ನನ್ನ ಹೆಸರು 22ರಲ್ಲೇ ಮುಗಿದಿತ್ತು, ಜಾಗದ ಕೊರತೆಯಲ್ಲ. ಆ ಪ್ಲಗ್‌ಗೆ ಲಿಪಿಯೇ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದ ನಿಮಿಷದಲ್ಲೇ ಸೇರಿತು. ಈಗ 5ರ ಹೆಸರು ಕನ್ನಡದಲ್ಲಿದೆ, 2.4ರದು ಇಂಗ್ಲಿಷ್‌ನಲ್ಲಿ.

ಆ 2.4ರ ಹೆಸರು, ಪಾಸ್‌ವರ್ಡ್ ಎರಡನ್ನೂ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಮೊದಲ ವರ್ಷಗಳಲ್ಲಿ ಮನೆ ಬದಲಿಸುವುದು ತಪ್ಪುವುದಿಲ್ಲ. ಹೊಸ ಮನೆಯ ರೂಟರ್‌ಗೆ ಅಕ್ಷರವೂ ಬದಲಾಗದಂತೆ ಅವನ್ನೇ ಕೊಟ್ಟು, ಭದ್ರತೆಯ ವಿಧಾನವನ್ನೂ ಹಿಂದಿನಂತೆಯೇ ಇಟ್ಟರೆ, ಪೆಟ್ಟಿಗೆಯಿಂದ ತೆಗೆದು ಸಿಕ್ಕಿಸಿದ ಬಲ್ಬುಗಳು ಯಾರನ್ನೂ ಕೇಳದೆ ತಾವೇ ಸೇರಿಕೊಳ್ಳುತ್ತವೆ.