ನಿಂತ ಕಾಲಿನ ಅಂಗಾಲು

ಕರಾಟೆ ಕ್ಲಾಸಿನಲ್ಲಿ ಬಲಗಾಲಲ್ಲಿ ಯೊಕೊ ಗೆರಿ, ಅಂದರೆ ಪಕ್ಕಕ್ಕೆ ಒದೆಯುವ ಒದೆತ, ಹೊಡೆದು ಕಾಲು ವಾಪಸ್ ಎಳೆದುಕೊಳ್ಳುವಷ್ಟರಲ್ಲಿ ನನ್ನ ಎಡಗಾಲು ಅಲುಗಾಡುತ್ತಿತ್ತು. ಎಡಗಾಲಲ್ಲಿ ಹೊಡೆದರೆ ಈ ತೊಂದರೆ ಇರಲಿಲ್ಲ. ಸೊಂಟಕ್ಕೆ ಬಲ ಸಾಲದು ಅಂದುಕೊಂಡು ಒಂದು ವರ್ಷ ಅದಕ್ಕೇ ವ್ಯಾಯಾಮ ಮಾಡಿದೆ. ಏನೂ ಬದಲಾಗಲಿಲ್ಲ.

ಒಂದು ದಿನ ಸ್ನಾನ ಮುಗಿಸಿ ಬಂದಾಗ ಮನೆಯ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ಬಲ ಹೆಜ್ಜೆಯ ಒಳಬದಿ ಖಾಲಿ. ಎಡ ಹೆಜ್ಜೆ ಪೂರ್ತಿ ತುಂಬಿಕೊಂಡಿತ್ತು. ಎಡಪಾದದ ಕಮಾನು, ಅಂದರೆ ಅಂಗಾಲಿನ ಒಳಬದಿಯ ಬಾಗು, ಚಪ್ಪಟೆಯಾಗಿದೆಯೇನೋ ಅನ್ನಿಸಿತು.

ಒದ್ದೆ ಹೆಜ್ಜೆಯೊಂದನ್ನೇ ನಂಬುವ ಹಾಗಿಲ್ಲ. ಅಂಗಾಲಿನಲ್ಲಿ ಮಾಂಸ ಜಾಸ್ತಿ ಇದ್ದರೂ ಹಾಗೇ ಕಾಣಬಹುದು. ಅದಕ್ಕೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಪಾದದ ಒಳಬದಿಯಲ್ಲಿ ಉಬ್ಬಿರುವ ನ್ಯಾವಿಕ್ಯುಲರ್ ಮೂಳೆಯ ಮೇಲೆ ಅವರು ಪೆನ್ನಿನಿಂದ ಗುರುತು ಹಾಕಿದರು. ನೆಲದಿಂದ ಅದರ ಎತ್ತರವನ್ನು ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಅಳೆದರು. 10 ಮಿಲಿಮೀಟರ್‌ಗಿಂತ ಜಾಸ್ತಿ ಇಳಿದರೆ ಪಾದದ ಕಮಾನು ಹೆಚ್ಚು ಕುಸಿಯುತ್ತಿದೆ ಅಂತ ಸಾಮಾನ್ಯವಾಗಿ ಲೆಕ್ಕ. ನನ್ನ ಬಲಗಾಲು 6 ಇಳಿಯಿತು, ಎಡಗಾಲು 13.

ಕಮಾನು ಕುಸಿದಾಗ ಮೊಣಕಾಲೂ ಒಳಕ್ಕೆ ತಿರುಗುತ್ತದೆ. ಕುದುರೆ ಸವಾರನ ಹಾಗೆ ಕಾಲು ಅಗಲಿಸಿ ನಿಲ್ಲುವ ಕಿಬಾ ದಾಚಿಯಲ್ಲಿ ಎರಡೂ ಕಾಲು ಊರಿರುವುದರಿಂದ ಅದು ಗೊತ್ತೇ ಆಗುತ್ತಿರಲಿಲ್ಲ. ಒಂಟಿ ಕಾಲಾದ ಕೂಡಲೇ ಬಯಲಾಗುತ್ತಿತ್ತು. ಶೂ ಒಳಗೆ ಇನ್‌ಸೋಲ್ ಹಾಕಿಕೊಂಡು ಪ್ರಯೋಜನವಿಲ್ಲ, ಕರಾಟೆ ಬರಿಗಾಲಿನ ಆಟ ಅಲ್ವಾ.

ಅವರು ಹೇಳಿಕೊಟ್ಟಿದ್ದು ಒಂದೇ ವ್ಯಾಯಾಮ. ಬೆರಳು ಮಡಚದೆ ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆ ಎಳೆದು ಕಮಾನು ಎತ್ತಬೇಕು. ಕೇಳಲು ಸುಲಭ. ಎರಡು ವಾರ ನನ್ನ ಬೆರಳುಗಳು ಮುದುರಿಕೊಳ್ಳುತ್ತಲೇ ಇದ್ದವು. ಮೊದಲು ಕೂತು, ಆಮೇಲೆ ನಿಂತು, ಕೊನೆಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ಮಾಡಿದೆ.

ಕ್ಲಾಸಿನಲ್ಲಿ ಗೋಡೆ ಹಿಡಿದು ನಿಧಾನವಾಗಿ ಒದೆಯುತ್ತಿದ್ದೆ. ಕಾಲು ಎತ್ತುವ ಮುಂಚೆ ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರೂ ನೆಲಕ್ಕೆ ತಾಗಿವೆಯೇ ಎಂದು ಗಮನಿಸುತ್ತಿದ್ದೆ. ಕಾಲು ಸುತ್ತಿಸಿ ಒದೆಯುವ ಮವಾಶಿ ಗೆರಿ ಕಷ್ಟವಾಯಿತು. ಅಲ್ಲಿ ನಿಂತ ಕಾಲು ತಿರುಗಲೇಬೇಕು. ತಿರುಗುವಾಗಲೇ ನನ್ನ ಹೆಬ್ಬೆರಳು ಹಿಡಿತ ಬಿಡುತ್ತಿತ್ತು. ವೇಗ ಅರ್ಧಕ್ಕಿಳಿಸಿ ತಿಂಗಳುಗಟ್ಟಲೆ ಅದನ್ನೇ ಮಾಡಿದೆ.

ನಾಲ್ಕು ತಿಂಗಳ ನಂತರ ಅಳೆದಾಗ ಎಡಗಾಲು 11 ಇಳಿಯಿತು. ಪಾದದ ಆಕಾರ ಹೆಚ್ಚು ಬದಲಾಗಿರಲಿಲ್ಲ. ಆದರೆ ಕಣ್ಣು ಮುಚ್ಚಿ ಎಡಗಾಲಲ್ಲಿ 7 ಸೆಕೆಂಡ್ ನಿಲ್ಲುತ್ತಿದ್ದವನು 20 ದಾಟಿದ್ದೆ. ಚಪ್ಪಟೆ ಪಾದ ಅಂತ ಹೆದರಿ ಕ್ಲಾಸ್ ಬಿಡುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ನಮ್ಮ ಕ್ಲಾಸಿನ ಒಬ್ಬ ಹುಡುಗಿಯದು ಇದಕ್ಕೆ ಉಲ್ಟಾ. ಕಮಾನು ಎತ್ತರ, ಭಾರವೆಲ್ಲ ಹೊರ ಅಂಚಿನ ಮೇಲೆ. ಅವಳಿಗೆ ಕಮಾನು ಎತ್ತುವ ವ್ಯಾಯಾಮ ಕೊಟ್ಟಿಲ್ಲ. ಹೆಬ್ಬೆರಳ ಬುಡ ನೆಲಕ್ಕೆ ಒತ್ತುವುದನ್ನು ಈಗಷ್ಟೇ ಶುರು ಮಾಡಿಸಿದ್ದೇನೆ.