ಎಳೆಯ ಮಗುವಿನ ಸಾವಿಗೆ ಕಾರಣ ಹುಡುಕುವುದು ಹೇಗೆ?

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಸುಮಾರು 49 ಲಕ್ಷ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಒಂದು ತಿಂಗಳೂ ತುಂಬಿರಲಿಲ್ಲ. ಮನೆಯಲ್ಲೇ ಕಣ್ಮುಚ್ಚಿದ ಮಗುವಿಗೆ ಬಹಳ ಕಡೆ ವೈದ್ಯರ ಪ್ರಮಾಣಪತ್ರವೂ ಇರುವುದಿಲ್ಲ.

ಇಂಥ ಸಾವುಗಳ ಕಾರಣ ಹುಡುಕುವ ಅಧ್ಯಯನದಲ್ಲಿ ಮೊದಲಿಗೆ ಒಂದು ಪ್ರದೇಶವನ್ನು ಗೊತ್ತುಮಾಡಿಕೊಂಡು ಅಲ್ಲಿನ ಪ್ರತಿ ಬಸಿರು, ಹೆರಿಗೆ, ಸಾವನ್ನೂ ದಾಖಲಿಸುತ್ತ ಹೋಗಬೇಕು. ಆಸ್ಪತ್ರೆಯ ಕಡತವನ್ನಷ್ಟೇ ನೆಚ್ಚಿಕೊಂಡರೆ ಅಲ್ಲಿಗೆ ತಲುಪಲಾಗದ ಮಕ್ಕಳು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ನಂತರದ್ದು ವರ್ಬಲ್ ಅಟಾಪ್ಸಿ. ಮಗುವನ್ನು ನೋಡಿಕೊಂಡವರನ್ನು, ಸಾಮಾನ್ಯವಾಗಿ ತಾಯಿಯನ್ನು, ಮಾತನಾಡಿಸಿ ಕಾಯಿಲೆಯ ಲಕ್ಷಣಗಳನ್ನು ತಿಳಿಯುವ ವಿಧಾನವಿದು. ವಿಶ್ವ ಆರೋಗ್ಯ ಸಂಸ್ಥೆಯ ಸಿದ್ಧ ಪ್ರಶ್ನಾವಳಿ ಇದೆ. ಆದರೂ ಪ್ರಶ್ನೆಗಳಿಗೆ ಮುಂಚೆ, ನಡೆದದ್ದನ್ನು ಆಕೆ ತನ್ನದೇ ಮಾತಿನಲ್ಲಿ ಹೇಳಿಕೊಳ್ಳಲು ಬಿಡಿ. ತೀರಾ ಬೇಗ ಹೋದರೆ ದುಃಖ ಹಸಿಯಾಗಿರುತ್ತದೆ, ತೀರಾ ತಡವಾದರೆ ನೆನಪು ಮಾಸುತ್ತದೆ.

"ಹುಟ್ಟಿದಾಗ ಮಗು ಅತ್ತಿತಾ? ಉಸಿರಾಡಿತಾ? ಕೈಕಾಲು ಆಡಿಸಿತಾ?" ಈ ಮೂರನ್ನು ಬಿಡಲೇಬಾರದು. ಮೂರಕ್ಕೂ ಇಲ್ಲವೆಂದರೆ ಅದು ಹುಟ್ಟುವ ಮೊದಲೇ ಆದ ಸಾವು. ಒಂದಕ್ಕೆ ಹೌದೆಂದರೂ ನವಜಾತ ಶಿಶುವಿನ ಸಾವು. ತುಸು ದೊಡ್ಡ ಮಗುವಾದರೆ ಉಸಿರು ವೇಗವಾಗಿತ್ತೇ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿತ್ತೇ, ಎಷ್ಟು ದಿನ ಎಂದು ಕೇಳಬೇಕು. ನ್ಯುಮೋನಿಯಾದ ಸುಳಿವು ಸಿಗುವುದು ಇಲ್ಲೇ.

ಈ ಉತ್ತರಗಳನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಕಾರಣ ಬರೆಯುತ್ತಾರೆ, ಹೊಂದದಿದ್ದರೆ ಮೂರನೆಯವರು ನೋಡುತ್ತಾರೆ. ಉತ್ತರಗಳಿಂದ ಕಾರಣವನ್ನು ಅಂದಾಜಿಸುವ ಇಂಟರ್‌ವಿಎಯಂಥ ಕಂಪ್ಯೂಟರ್ ಪ್ರೋಗ್ರಾಂಗಳೂ ಇವೆ. ಆದರೆ ಜ್ವರ, ಏದುಸಿರು ಮಲೇರಿಯಾದಲ್ಲೂ ಉಂಟು, ನ್ಯುಮೋನಿಯಾದಲ್ಲೂ ಉಂಟು. ಹಾಗಾಗಿ ಇಡೀ ಪ್ರದೇಶದ ಚಿತ್ರಣಕ್ಕೆ ಇದು ಒದಗುತ್ತದೆಯೇ ಹೊರತು, ಒಂದೇ ಮಗುವಿನ ಬಗ್ಗೆ ಖಚಿತ ತೀರ್ಪು ಕೊಡಲಾರದು.

ಹೆಚ್ಚಿನ ಖಚಿತತೆ ಬೇಕಿದ್ದರೆ ದೇಹವನ್ನು ಕೊಯ್ಯದೆ, ಶ್ವಾಸಕೋಶ, ಯಕೃತ್ತು, ಮೆದುಳಿನಿಂದ ಸೂಜಿಯಲ್ಲಿ ಚೂರು ಅಂಗಾಂಶ ತೆಗೆದು ಪರೀಕ್ಷಿಸುತ್ತಾರೆ. ರಕ್ತ, ಬೆನ್ನುಹುರಿಯ ದ್ರವವೂ ಬೇಕು. ಇದು ಬೇಗ ಆಗಬೇಕಾದ ಕೆಲಸ, ಸಾಧ್ಯವಾದರೆ 24 ಗಂಟೆಯೊಳಗೆ. ಹೆತ್ತವರು ಬೇಡವೆಂದರೆ ಅಲ್ಲಿಗೇ ಬಿಡಬೇಕು, ಒತ್ತಾಯ ಕೂಡದು.

ಕಾರಣ ಬರೆಯುವಾಗ ಕೊನೆಯ ಕಾಯಿಲೆಗೆ ನಿಲ್ಲಬೇಡಿ. ದಿನ ತುಂಬದೆ ಹುಟ್ಟಿದ್ದು, ಅದರಿಂದ ಬಂದ ನಿಶ್ಶಕ್ತಿ, ಆಮೇಲೆ ತಗುಲಿದ ಸೋಂಕು: ಇಡೀ ಸರಪಳಿ ದಾಖಲಾಗಬೇಕು. ಆಸ್ಪತ್ರೆಗೆ ಹೋಗಲು ನಿರ್ಧರಿಸುವುದರಲ್ಲಿ, ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಎಲ್ಲಿ ತಡವಾಯಿತೆಂದೂ ಕೇಳಿ ಬರೆದಿಡಿ. ಫಲಿತಾಂಶ ಬಂದಾಗ ಮೊದಲು ಕುಟುಂಬಕ್ಕೆ ತಿಳಿಸಿ. ಮುಂದಿನ ಬಸಿರಿನಲ್ಲಿ ಏನು ಎಚ್ಚರ ವಹಿಸಬೇಕೆಂದು ಕೇಳುವ ಹಕ್ಕು ಆ ತಾಯಿಗಿದೆ.