ಐದು ತಂತಿಯ ಪಿಟೀಲು: ಕಮಾನು ಎಳೆಯಲು ಕಲಿಯುವುದು ಹೇಗೆ?

ಪಿಟೀಲಿಗೆ ಹೆಚ್ಚಿನ ತಂತಿ ಕಟ್ಟುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡರು. ಅಲ್ಲಿ ಹೆಚ್ಚುವರಿ ತಂತಿಗಳು ಮೂಲ ತಂತಿಗಳ ಜೊತೆಗೂಡಿ ನುಡಿದು ನಾದವನ್ನು ತುಂಬಿಕೊಡುತ್ತಿದ್ದವು. ಇಂದು ಅಂಗಡಿಯಲ್ಲಿ ಸಿಗುವ ಐದು ತಂತಿಯ ಪಿಟೀಲಿನ ಉದ್ದೇಶ ಬೇರೆ. ಅದರ ಐದನೆಯ ತಂತಿ ಇನ್ನೂ ಕೆಳಗಿನ ಸ್ವರಗಳಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಪ್ರತಿ ತಂತಿಯೂ ಪಕ್ಕದ ತಂತಿಯನ್ನು ಸೋಕದೆ ಒಂಟಿಯಾಗಿ ನುಡಿಯಬೇಕು. ಹೊಸಬರಿಗೆ ಕಷ್ಟವಾಗುವುದು ಇಲ್ಲಿಯೇ.

ಶ್ರುತಿ ಮತ್ತು ಕಮಾನಿನ ಸಿದ್ಧತೆ

ಪಾಶ್ಚಾತ್ಯ ಪದ್ಧತಿಯಲ್ಲಿ ಈ ತಂತಿಗಳನ್ನು ಕೆಳಗಿನಿಂದ ಸಿ, ಜಿ, ಡಿ, ಎ, ಇ ಎಂದು ಕೂಡಿಸುತ್ತಾರೆ. ಕರ್ನಾಟಕ ಸಂಗೀತದ ನಾಲ್ಕು ತಂತಿಗಳ ಸ-ಪ-ಸ-ಪ ಕ್ರಮಕ್ಕೆ ಕೆಳಗೊಂದು ಪಂಚಮವನ್ನು ಸೇರಿಸಿದರೆ ಪ-ಸ-ಪ-ಸ-ಪ ಆಗುತ್ತದೆ. ಶ್ರುತಿ ಪೆಟ್ಟಿಗೆಯನ್ನು ಹಾಕಿಕೊಂಡೇ ಕೂಡಿಸಿ. ದಪ್ಪ ತಂತಿಯ ಬಿರಡೆಯನ್ನು ನಿಧಾನವಾಗಿ ತಿರುಗಿಸಿ.

ಕಮಾನಿನ ತಿರುಪನ್ನು ಬಿಗಿ ಮಾಡುವಾಗ ಕಡ್ಡಿಗೂ ಕೂದಲಿಗೂ ನಡುಭಾಗದಲ್ಲಿ ಪೆನ್ಸಿಲ್ ದಪ್ಪದಷ್ಟು ಅಂತರ ಉಳಿದರೆ ಸಾಕು. ಕೂದಲನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಜಿಡ್ಡು ತಗುಲಿದ ಕಡೆ ರಾಸಿನ್ (ಕೂದಲಿಗೆ ಉಜ್ಜುವ ರಾಳ) ಹಿಡಿಯುವುದಿಲ್ಲ. ಅಭ್ಯಾಸ ಮುಗಿದ ಮೇಲೆ ತಿರುಪನ್ನು ಸಡಿಲಿಸಿಡಿ.

ಕೂರುವುದು, ಹಿಡಿಯುವುದು

ನೆಲದ ಮೇಲೆ ಕುಳಿತು ಬಲಗಾಲನ್ನು ಮುಂದಕ್ಕೆ ತಂದು, ಪಿಟೀಲಿನ ತಲೆಯ ಸುರುಳಿಯನ್ನು ಪಾದದ ಗಂಟಿನ ಬಳಿ ಒರಗಿಸಿ. ಇನ್ನೊಂದು ತುದಿ ಎಡಭುಜಕ್ಕೂ ಎದೆಗೂ ನಡುವೆ ನಿಲ್ಲಲಿ. ಬಲಗೈ ಹೆಬ್ಬೆರಳು ಸ್ವಲ್ಪ ಬಾಗಿರಬೇಕು, ಕಿರುಬೆರಳ ತುದಿ ಕಡ್ಡಿಯ ಮೇಲೆ ಹಗುರವಾಗಿ ಕೂರಬೇಕು. ಇದನ್ನು ಗುರುಗಳೆದುರೇ ತಿದ್ದಿಸಿಕೊಳ್ಳುವುದು ಒಳ್ಳೆಯದು. ಬರಹದಿಂದ ಅಷ್ಟಾಗಿ ಬರುವುದಿಲ್ಲ.

ನಡುವಿನ ತಂತಿಯಿಂದ ಆರಂಭಿಸಿ

ಅಂಚಿನ ತಂತಿ ಸುಲಭವೆಂದು ಹಲವರು ಅಲ್ಲಿಂದಲೇ ಶುರು ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಂಚಿನ ತಂತಿಗೆ ಒಂದೇ ಕಡೆ ನೆರೆತಂತಿ ಇರುವುದರಿಂದ ತೋಳು ತಪ್ಪು ಮಟ್ಟದಲ್ಲಿದ್ದರೂ ನಾದ ಶುದ್ಧವಾಗಿಯೇ ಕೇಳಬಹುದು. ನಡುವಿನ ತಂತಿಯಲ್ಲಿ ಅಂಥ ರಿಯಾಯಿತಿ ಇಲ್ಲ. ಎರಡೂ ಬದಿಯಲ್ಲಿ ತಂತಿಗಳಿರುವುದರಿಂದ ತಪ್ಪು ತಕ್ಷಣ ಕಿವಿಗೆ ಬೀಳುತ್ತದೆ.

ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಾದ ಕುದುರೆಯ ಅಗಲ ಹೆಚ್ಚೇನೂ ಬದಲಾಗದೆ ಅದರ ಕಮಾನಾಕಾರದ ಅಂಚಿನ ಮೇಲೆ ನಾಲ್ಕರ ಬದಲು ಐದು ತಂತಿಗಳು ಕೂತಿವೆ. ಒಂದೊಂದು ತಂತಿಗೂ ಸಿಗುವ ಕೋನ ಅಷ್ಟು ಕಿರಿದಾಗಿದೆ. ಜೋರಾದ ನಾದಕ್ಕೆಂದು ಒತ್ತಿದರೆ ತಂತಿ ತಗ್ಗುತ್ತದೆ, ಕೂದಲು ಬಾಗುತ್ತದೆ, ಪಕ್ಕದ ತಂತಿಯೂ ಸೇರಿಕೊಂಡು ಕಿರುಗುಡುತ್ತದೆ. ಒತ್ತುವ ಅಭ್ಯಾಸವನ್ನು ಮೊದಲ ದಿನದಿಂದಲೇ ದೂರವಿಡಿ.

ಕಮಾನಿನ ನಡುಭಾಗವನ್ನು ನಡುವಿನ ತಂತಿಯ ಮೇಲಿಟ್ಟು ಸುಮ್ಮನಿರಿ. ಮೊಣಕೈಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಕೂದಲು ಪಕ್ಕದ ಕೆಳಸ್ಥಾಯಿಯ ತಂತಿಗೂ ತಾಗುತ್ತದೆ. ಅಲ್ಲಿ ನಿಂತು ಎರಡೂ ತಂತಿಗಳನ್ನು ಒಟ್ಟಿಗೆ ನುಡಿಸಿ. ಇನ್ನೂ ತುಸು ಎತ್ತಿದರೆ ಮೊದಲ ತಂತಿ ಬಿಟ್ಟುಹೋಗಿ ಎರಡನೆಯದು ಒಂಟಿಯಾಗಿ ನುಡಿಯುತ್ತದೆ. ಮೊಣಕೈಯನ್ನು ಇಳಿಸಿದರೆ ಮೇಲ್ಸ್ಥಾಯಿಯ ಕಡೆ ಇದೇ ನಡೆಯುತ್ತದೆ. ಒಂಟಿ ತಂತಿಗೆ ಐದು, ಜೋಡಿಗೆ ನಾಲ್ಕು, ಹೀಗೆ ತೋಳಿಗೆ ಒಟ್ಟು ಒಂಬತ್ತು ನಿಲುಗಡೆಗಳು. ನಾಲ್ಕು ತಂತಿಯ ಪಿಟೀಲಿನಲ್ಲಿ ಅವು ಏಳೇ. ಈ ಒಂಬತ್ತನ್ನು ಕಣ್ಣು ಮುಚ್ಚಿ ಹುಡುಕುವಷ್ಟು ರೂಢಿಯಾಗುವವರೆಗೆ ಎಡಗೈ ಬೆರಳುಗಳಿಗೆ ಕೆಲಸ ಕೊಡಬೇಡಿ. ಮಟ್ಟ ಬದಲಾಗುವಾಗ ಚಲನೆ ಭುಜದಿಂದ ಬರಲಿ, ಮಣಿಕಟ್ಟು ಅದನ್ನು ನಯಗೊಳಿಸಿದರೆ ಸಾಕು.

ಎಳೆತ ಕುದುರೆಗೆ ಸಮಾನಾಂತರವಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಮೊದಮೊದಲು ನಡುವಿನ ಸ್ವಲ್ಪ ಭಾಗವನ್ನಷ್ಟೇ ಬಳಸಿ, ಬಳಿಕ ಹಿಡಿಯಿಂದ ತುದಿಯವರೆಗೆ ಹಿಗ್ಗಿಸಿ.

ಐದನೆಯ ತಂತಿಯ ಸ್ವಭಾವ

ಪಿಟೀಲಿನಂತೆಯೇ ಕಮಾನಿನಿಂದ ನುಡಿಸುವ, ಕೆಳಗಿನ ಸ್ವರಗಳ ವಾದ್ಯವಾದ ವಯೋಲಾದ ಒಡಲು ಪಿಟೀಲಿಗಿಂತ ದೊಡ್ಡದು. ಅದರ ಕೆಳಗಿನ ಸಿ ಸ್ವರವನ್ನೇ ಪಿಟೀಲಿನ ಗಿಡ್ಡ ಅಳತೆಯಲ್ಲಿ ಹೊರಡಿಸಬೇಕಾದ್ದರಿಂದ ಈ ತಂತಿ ದಪ್ಪ ಮತ್ತು ಭಾರ. ಅದು ತಡವಾಗಿ ಕಂಪಿಸುತ್ತದೆ. ಆದ್ದರಿಂದ ಕಮಾನನ್ನು ಇಟ್ಟ ತಕ್ಷಣ ಎಳೆಯದೆ, ಕೂದಲು ತಂತಿಯನ್ನು ಹಿಡಿಯುವ ಕ್ಷಣಕ್ಕೆ ಕಾಯಿರಿ. ನಂತರ ತೋಳಿನ ಭಾರವನ್ನು ಇಳಿಬಿಟ್ಟು ನಿಧಾನವಾಗಿ ಎಳೆಯಿರಿ. ಕುದುರೆಯಿಂದ ತುಸು ದೂರ, ಫಿಂಗರ್‌ಬೋರ್ಡ್ (ಎಡಗೈ ಬೆರಳುಗಳು ತಂತಿಯನ್ನು ಒತ್ತುವ ಪಟ್ಟಿ) ಕಡೆಗೆ ಎಳೆದರೆ ದಪ್ಪ ತಂತಿ ಬೇಗ ಓಗೊಡುತ್ತದೆ. ತೆಳು ತಂತಿಗಳಿಗೆ ಕುದುರೆಯ ಸಮೀಪವೇ ಚೆನ್ನ.

ಏನು ತಪ್ಪಿದೆ ಎಂಬುದನ್ನು ನಾದವೇ ತಿಳಿಸುತ್ತದೆ. ಸಿಳ್ಳೆಯಂಥ ಸದ್ದು ಬಂದರೆ ಎಳೆತ ವೇಗವಾಗಿದೆ, ಭಾರ ಸಾಲದು. ಕೊರಳು ಕಟ್ಟಿದಂತೆ ಗೊರಗುಟ್ಟಿದರೆ ಭಾರ ಹೆಚ್ಚು, ವೇಗ ಸಾಲದು. ಎರಡರಲ್ಲಿ ಒಂದನ್ನೇ ಬದಲಿಸಿ ನೋಡಿ. ಎರಡನ್ನೂ ಒಮ್ಮೆಗೇ ಬದಲಿಸಿದರೆ ಕಾರಣ ಗೊತ್ತಾಗುವುದಿಲ್ಲ.

ಪಿಟೀಲಿನ ಕಮಾನು ಸುಮಾರು 60 ಗ್ರಾಂ, ವಯೋಲಾದ್ದು ಸುಮಾರು 70 ಗ್ರಾಂ ತೂಗುತ್ತದೆ. ದಪ್ಪ ತಂತಿಗೆ ಭಾರದ ಕಮಾನು ಅನುಕೂಲವೇನೋ ನಿಜ. ಆದರೆ ಒಂಬತ್ತು ನಿಲುಗಡೆಗಳು ಕೈವಶವಾಗುವ ಮುನ್ನ ಅದಕ್ಕೆ ಹಣ ಹಾಕಬೇಡಿ. ಮೊದಲು ಎಡಗೈ ಬೆರಳಿಡದೆ ಬರೀ ತಂತಿಗಳಲ್ಲಿ ಪಕ್ಕದಿಂದ ಪಕ್ಕಕ್ಕೆ ಸಾಗಿ, ಆಮೇಲೆ ನಡುವೆ ಒಂದು ತಂತಿಯನ್ನು ಬಿಟ್ಟು ದಾಟುವುದನ್ನು ಅಭ್ಯಾಸ ಮಾಡಿ. ಬಿಟ್ಟ ತಂತಿಯ ಸದ್ದು ಕೇಳಿಸದಂತೆ ದಾಟಲು ಬಂದಾಗ ಕರ್ನಾಟಕ ಸಂಗೀತದ ಮೊದಲ ಸ್ವರಾಭ್ಯಾಸವಾದ ಸರಳೆ ವರಸೆಯನ್ನು ಎತ್ತಿಕೊಳ್ಳಬಹುದು.